ನೀರಾದ ಡಿಕಾಕ್ಷನ್ನಿಗೆ ಪ್ಯೂರ್ ಪುಡಿಯನ್ನು ದೂರಬೇಡಿ

ಚಿಕೋರಿ ಬೇರಿನ ಪುಡಿ ಬೆರೆಸಿದ ಕಾಫಿಪುಡಿ ಬಿಟ್ಟು ಪ್ಯೂರ್, ಎಂದರೆ ಬರೀ ಅರೇಬಿಕಾ ಜಾತಿಯ ಕಾಫಿಪುಡಿ ತಂದಿರೆಂದೂ, ಡಿಕಾಕ್ಷನ್ ಸರ್ರನೆ ಇಳಿದು ನೀರಾಯಿತೆಂದೂ, ಅದನ್ನು ಒಲೆಯ ಮೇಲಿಟ್ಟು ಕುದಿಸಿದಾಗ ಬಾಯಿಗಿಡಲಾರದಷ್ಟು ಕಹಿಯಾಯಿತೆಂದೂ, ಆದ್ದರಿಂದ ಫಿಲ್ಟರಿಗೆ ಚಿಕೋರಿಯೇ ಸರಿಯೆಂದೂ ತಾವು ನಮ್ಮ ಗುಂಪಿನಲ್ಲಿ ಬರೆದಿದ್ದೀರಿ. ಚಿಕೋರಿ ತಮಗೆ ಇಷ್ಟವೆಂದರೆ ನನ್ನ ತಕರಾರಿಲ್ಲ, ರುಚಿ ಅವರವರದು. ಆದರೆ ತಾವು ಕೊಟ್ಟ ಕಾರಣ ಮಾತ್ರ ಸರಿಯಲ್ಲ. ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿಯ ಪುಡಿ ಹಾಕುತ್ತಿದ್ದ ಅಳತೆಯಲ್ಲೇ ಪ್ಯೂರ್ ಪುಡಿ ಹಾಕಿದರೆ ಯಾರ ಮನೆಯಲ್ಲಾದರೂ ಆಗುವುದು ಇದೇ, ನಮ್ಮ ಮನೆಯಲ್ಲೂ ಆದದ್ದು ಇದೇ.

ಹುರಿದ ಚಿಕೋರಿ ಬೇರು ಕಾಫಿಗಿಂತ ಸುಲಭವಾಗಿ ನೀರಿನಲ್ಲಿ ಕರಗುತ್ತದೆ, ಬಣ್ಣ ಬಿಡುತ್ತದೆ, ಜೊತೆಗೆ ಪುಡಿಯನ್ನು ಅಂಟಾಗಿಸಿ ನೀರನ್ನು ತಡೆದು ನಿಧಾನವಾಗಿ ಇಳಿಸುತ್ತದೆ. ಅದು ಇಲ್ಲವೆಂದಾಗ ಆ ಕೆಲಸವನ್ನು ಪುಡಿಯ ನುಣುಪೂ ತಮ್ಮ ಕೈಯೂ ಮಾಡಬೇಕು. ಅಂಗಡಿಯಲ್ಲಿ ಬೀಸಿಸುವಾಗಲೇ 'ಪ್ಯೂರ್, ಫಿಲ್ಟರಿಗೆ, ತುಸು ನುಣ್ಣಗೆ' ಎಂದು ಬಾಯಿಬಿಟ್ಟು ಹೇಳಿ. ಬೆರಳಿನಲ್ಲಿ ಉಜ್ಜಿದರೆ ಚಿರೋಟಿ ರವೆಗಿಂತ ನಯವಾಗಿರಬೇಕು, ಗೋಧಿ ಹಿಟ್ಟಿನಷ್ಟು ಆಗಬಾರದು. ಎರಡು ಚಮಚ ಹಾಕುತ್ತಿದ್ದಲ್ಲಿ ಮೂರು ಹಾಕಿ, ಫಿಲ್ಟರನ್ನು ಮೆಲ್ಲಗೆ ತಟ್ಟಿ ಸಮಮಾಡಿ, ಹಿಡಿಕೆಯಿರುವ ತೂತಿನ ತಟ್ಟೆಯಿಂದ ಹದವಾಗಿ ಒತ್ತಿ. ಅನಂತರ ನೀರನ್ನೆಲ್ಲ ಒಮ್ಮೆಗೇ ಸುರಿಯದೆ, ಪುಡಿ ನೆನೆಯುವಷ್ಟೇ, ಎಂದರೆ ಮೂರು ನಾಲ್ಕು ಚಮಚ ಬಿಸಿನೀರು ಹಾಕಿ ಕಾಯಿರಿ. ಹೊಸದಾಗಿ ಹುರಿದ ಪುಡಿಯಾದರೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಬಂದು ಪುಡಿ ಉಬ್ಬಿ ಗುಳ್ಳೆಯೇಳುತ್ತದೆ. ಉಬ್ಬದಿದ್ದರೆ ಪುಡಿ ಹಳತೆಂದು ತಿಳಿಯಿರಿ, ಪೊಟ್ಟಣದ ಮೇಲೆ ಏನೇ ಬರೆದಿರಲಿ. ಗುಳ್ಳೆ ಇಳಿದ ಮೇಲೆ ಉಳಿದ ನೀರನ್ನು ತಟ್ಟೆಯ ಮೇಲೆ ಬೀಳುವಂತೆ ಹೊಯ್ದು ಮುಚ್ಚಿಡಿ.

ಇಷ್ಟು ಓದಿ ಶಕ್ತಿಯೆಲ್ಲ ಹಾಕಿ ಒತ್ತುವವರೂ ಇದ್ದಾರೆ. ಹಾಗೆ ಒತ್ತಿದರೆ ಹನಿಯೂ ಬೀಳುವುದಿಲ್ಲ. ಬೀಳಲಿಲ್ಲವೆಂದು ಚಮಚದಿಂದ ಕೆದಕಿದರೆ ಪುಡಿಯಲ್ಲಿ ದಾರಿಯಾಗಿ ನೀರೆಲ್ಲ ಅಲ್ಲಿಂದಲೇ ಓಡುತ್ತದೆ. ಕೆದಕುವ ಮೊದಲು ಮೇಲಿನ ಪಾತ್ರೆಯನ್ನು ಕೂದಲೆಳೆಯಷ್ಟು ಎತ್ತಿ ನೋಡಿ: ಎರಡೂ ಪಾತ್ರೆ ಬಿಗಿಯಾಗಿ ಕೂತು ಕೆಳಗಿನ ಗಾಳಿ ಹೊರಹೋಗದೆ ಇಳಿಯುವುದು ನಿಂತಿರುವುದೇ ಹೆಚ್ಚು.

ಕುದಿಯುವ ನೀರಿನಿಂದ ಪುಡಿ ಸುಟ್ಟು ಕಹಿಯಾಗುತ್ತದೆ ಎಂದು ಗುಂಪಿನ ಹಾಸನದ ಸದಸ್ಯರೊಬ್ಬರು ಥರ್ಮಾಮೀಟರ್ ಹಿಡಿದು ವಾದಿಸಿದ್ದಾರೆ. ಸುಮಾರು 200 ಡಿಗ್ರಿ ಶಾಖ ಕಂಡು ಬಂದಿರುವ ಬೀಜವನ್ನು ನೀರು ಸುಡಲಾರದು. ಅದೂ ಅಲ್ಲದೆ ಚಿಕ್ಕಮಗಳೂರು ಸಮುದ್ರಮಟ್ಟದಿಂದ 1000 ಮೀಟರಿಗೂ ಮೇಲಿರುವುದರಿಂದ ನಮ್ಮಲ್ಲಿ ನೀರು ಕುದಿಯುವುದೇ 96-97 ಡಿಗ್ರಿಯ ಆಸುಪಾಸಿನಲ್ಲಿ. ಹಾಸನದಲ್ಲೂ ಹೆಚ್ಚುಕಡಿಮೆ ಅಷ್ಟೇ. ತಮಗೆ ಬಂದ ಕಹಿ ಇಳಿದ ಡಿಕಾಕ್ಷನ್ನನ್ನು ಮತ್ತೆ ಕುದಿಸಿದ್ದರಿಂದ ಬಂದದ್ದು. ಡಿಕಾಕ್ಷನ್ ಆರಿದ್ದರೆ ಹಾಲನ್ನು ಉಕ್ಕಿಸಿ ಅದಕ್ಕೆ ಬೆರೆಸಿ, ಇಲ್ಲವೇ ಡಿಕಾಕ್ಷನ್ ಪಾತ್ರೆಯನ್ನು ಬಿಸಿನೀರಿನಲ್ಲಿಡಿ. ಅದನ್ನು ನೇರವಾಗಿ ಒಲೆಗೇರಿಸುವುದನ್ನು ದಯವಿಟ್ಟು ನಿಲ್ಲಿಸಿ.

ಇಷ್ಟು ಮಾಡಿಯೂ ಬಾಯಿ ತುಂಬುವುದಿಲ್ಲ ಎನಿಸಿದರೆ ಚಿಕೋರಿಗೆ ಓಡುವ ಮೊದಲು ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾವನ್ನು ಕಾಲು ಪಾಲು ಬೆರೆಸಿ ನೋಡಿ, ಅದರಲ್ಲೂ ಹಣ್ಣನ್ನು ಸಿಪ್ಪೆಸಮೇತ ಒಣಗಿಸಿದ ಚೆರ್ರಿಗಿಂತ, ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಆದರೆ ಉತ್ತಮ. ಮಣ್ಣಿನ ಕಣದಲ್ಲಿ ದಪ್ಪ ರಾಶಿಯಾಗಿ ಒಣಗಿದ ಚೆರ್ರಿಯ ವಾಸನೆ ಲೋಟದವರೆಗೂ ಬರುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ತುಂಬ ರೋಬಸ್ಟಾ ಬೆಳೆದು, ಮನೆಯಲ್ಲಿ ಅದನ್ನು ಕುಡಿಯುವುದು ಮರ್ಯಾದೆಗೆ ಕಡಿಮೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಅದರಲ್ಲಿ ಕೆಫೀನ್ ಮಾತ್ರ ಅರೇಬಿಕಾದ ಹೆಚ್ಚುಕಡಿಮೆ ಎರಡು ಪಟ್ಟು ಇರುವುದರಿಂದ ರಾತ್ರಿ ನಿದ್ದೆ ಬಾರದವರು ಅಳತೆ ನೋಡಿಕೊಳ್ಳಬೇಕು.

ಚಿಕೋರಿಯನ್ನು ಕಲಬೆರಕೆಯೆಂದು ಬೈದವರಿಗೂ ಒಂದು ಮಾತು. ಪೊಟ್ಟಣದ ಮೇಲೆ ಪ್ರಮಾಣ ನಮೂದಿಸಿ, ಕಾಫಿ ಶೇ 51ಕ್ಕಿಂತ ಕಡಿಮೆಯಾಗದಂತೆ ಬೆರೆಸಲು ಕಾನೂನೇ ಒಪ್ಪಿದೆ. ಬ್ರೂ ಇನ್‌ಸ್ಟಂಟ್ ಕುಡಿಯುತ್ತ ಚಿಕೋರಿಯನ್ನು ಹಳಿಯುವವರು ಆ ಪೊಟ್ಟಣವನ್ನೊಮ್ಮೆ ತಿರುಗಿಸಿ ಓದಲಿ. ನನ್ನ ಮಟ್ಟಿಗೆ ದೊಡ್ಡ ಕಂಪನಿಯ ಯಾವ ಪೊಟ್ಟಣಕ್ಕಿಂತಲೂ ನಮ್ಮೂರಿನ ಪಾಂಡುರಂಗ ಕಾಫಿಯಂತಹ ಅಂಗಡಿಯ ಪುಡಿಯೇ ವಾಸಿ. ಒಮ್ಮೆಗೆ ಕಾಲು ಕೆ.ಜಿ.ಗಿಂತ ಹೆಚ್ಚು ತರಬೇಡಿ, ಸಾಂಬಾರ್ ಪುಡಿಯ ಪಕ್ಕದಲ್ಲಿ ಇಡಬೇಡಿ.

ಹಿತ್ತಾಳೆ ಫಿಲ್ಟರೇ ಬೇಕೆಂಬ ಚರ್ಚೆಗೆ ನಾನು ಬರುವುದಿಲ್ಲ, ರುಚಿಯಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ. ತೂತು ಕಟ್ಟಿದ್ದರೆ ಮಾತ್ರ ಮೇಲಿನ ಪಾತ್ರೆಯನ್ನು ಬೋರಲಾಗಿ ಸಣ್ಣ ಉರಿಯಲ್ಲಿ ಕಾಯಿಸಿ, ಆರಿದ ಮೇಲೆ ಬ್ರಷ್‌ನಿಂದ ಉಜ್ಜಿದರೆ ಸುಟ್ಟ ಪುಡಿ ಉದುರುತ್ತದೆ. ಇದು ಸ್ಟೀಲಿಗೆ ಮಾತ್ರ. ಕಲಾಯಿ ಹಾಕಿಸಿದ ಹಿತ್ತಾಳೆಯನ್ನು ಬರಿದಾಗಿ ಉರಿಗೆ ಹಿಡಿದರೆ ಕಲಾಯಿ ಕರಗಿಹೋಗುತ್ತದೆ.