ಚೀನಾದ ಮಹಾಗೋಡೆಯನ್ನು ಯಾರು, ಹೇಗೆ ಕಟ್ಟಿದರು?

ಒಬ್ಬನೇ ರಾಜ ಕಟ್ಟಿಸಿದ್ದಲ್ಲ. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಶಿ ಹುವಾಂಗ್, ಉತ್ತರದ ಹಳೇ ಗೋಡೆಗಳನ್ನು ಜೋಡಿಸುವ ಕೆಲಸವನ್ನು ಸೇನಾಪತಿ ಮಂಗ್ ತಿಯನ್‌ಗೆ ಒಪ್ಪಿಸಿದ. ಹುಲ್ಲುಗಾವಲಿನ ಕುದುರೆ ಸವಾರರನ್ನು ತಡೆಯಬೇಕಿತ್ತು.

ಆಗ ಬಳಸಿದ್ದು ಜಾಸ್ತಿ ಮಣ್ಣೇ. ಎರಡು ಕಡೆ ಹಲಗೆ ನಿಲ್ಲಿಸಿ, ನಡುವೆ ಮಣ್ಣು ಸುರಿದು, ಗಟ್ಟಿಯಾಗುವವರೆಗೆ ದಿಮ್ಮಸಿನಿಂದ ಬಡಿಯುವುದು. ಹಲಗೆ ಮೇಲೇರಿಸಿ ಮತ್ತೆ ಅದೇ ಕೆಲಸ. ಪಶ್ಚಿಮದ ದುನ್‌ಹುವಾಂಗ್ ಕಡೆಯ ಮರಳುಗಾಡಿನಲ್ಲಿ, ಚಿನ್ ನಂತರ ಆಳಿದ ಹಾನ್ ವಂಶದ ಕಾಲದವರು ಜೊಂಡು, ಜಲ್ಲಿಯನ್ನು ಪದರ ಪದರವಾಗಿ ಹಾಸಿದರು. ಆ ಜೊಂಡು ಇವತ್ತಿಗೂ ಕಾಣುತ್ತದೆ!

ಫೋಟೋಗಳಲ್ಲಿ ನಾವು ನೋಡುವ ಇಟ್ಟಿಗೆ ಗೋಡೆ ಬಹುಪಾಲು ಮಿಂಗ್ ವಂಶದ್ದು (1368–1644). ಸುಣ್ಣದ ಗಾರೆಗೆ ಅಂಟು ಅಕ್ಕಿಯ ಗಂಜಿ ಬೆರೆಸುತ್ತಿದ್ದರು. ಸುಮ್ನೆ ಕಥೆಯಲ್ಲ, ಮಿಂಗ್ ಕಾಲದ ಗಾರೆ ಪರೀಕ್ಷಿಸಿದವರಿಗೆ ಅಕ್ಕಿಯ ಪಿಷ್ಟವೇ ಸಿಕ್ಕಿದೆ.