ಯೂಟ್ಯೂಬ್‌ನಲ್ಲಿರೋ ಲೆವೆಲ್ 4 ಬೇರೆ, ನನ್ನ ಮಗಳ ಲೆವೆಲ್ 4 ಬೇರೆ. ಯಾವುದು ಸರಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಕೆಲವು ವರ್ಷಗಳ ಹಿಂದೆ ನಾನೂ ಪಾತ್ರೆ ತೊಳೆದು ಮುಗಿಸಿ, ರಾತ್ರಿ ಹನ್ನೊಂದು ಗಂಟೆಗೆ ಅಡುಗೆಮನೆ ಕಟ್ಟೆ ಮೇಲೆ ಫೋನ್ ಇಟ್ಟುಕೊಂಡು ಇದನ್ನೇ ಹುಡುಕುತ್ತಾ ಕೂತಿದ್ದೆ. ನಿಮ್ಮ ಮಗಳು ಇಲ್ಲಿ ಅಮೆರಿಕದಲ್ಲಿ ಜಿಮ್ನಾಸ್ಟಿಕ್ಸ್ ಟೀಮಿಗೆ ಸೇರಿದ್ದಾಳೆ, ಇದು ಕಂಪಲ್ಸರಿ ಲೆವೆಲ್, ದೇಶದಲ್ಲಿ ಎಲ್ಲ ಹುಡುಗಿಯರೂ ಇದೇ ರೂಟೀನ್ ಮಾಡಬೇಕು ಅಂತ ಕೋಚ್ ಹೇಳಿದರು, ಆದರೆ ಯೂಟ್ಯೂಬ್‌ನಲ್ಲಿ ನೋಡಿದರೆ ಲೆವೆಲ್ 4 ಅಂತ ಹೆಸರಿರೋ ಮೂರು ವಿಡಿಯೋದಲ್ಲಿ ಮೂರು ಥರ ಇದೆ ಅಂತ ಬರೆದಿದ್ದೀರಿ.

ಮೂರೂ ಸರಿಯೇ. ಬೇರೆ ಬೇರೆ ಕಾಲದವು, ಅಷ್ಟೇ.

ಈ ಕಂಪಲ್ಸರಿ ರೂಟೀನ್‌ಗಳನ್ನು ಇಲ್ಲಿನ ಜಿಮ್ನಾಸ್ಟಿಕ್ಸ್ ಸಂಸ್ಥೆಯವರು (ಯುಎಸ್‌ಎ ಜಿಮ್ನಾಸ್ಟಿಕ್ಸ್) ಹೆಚ್ಚುಕಮ್ಮಿ ಎಂಟು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ. 2005ರಲ್ಲಿ ಒಂದು ಸಲ ಬದಲಾಯಿತು, 2013ರಲ್ಲಿ ಒಂದು ಸಲ, 2021ರಲ್ಲಿ ಇನ್ನೊಂದು ಸಲ. ನಿಮ್ಮ ಮಗಳು ಈಗ ಕಲಿಯುತ್ತಿರೋದು 2021ರದ್ದು. ಇಷ್ಟೇ ಆಗಿದ್ದರೆ ತಲೆಕೆಡಿಸಿಕೊಳ್ಳೋ ಅಗತ್ಯ ಇರಲಿಲ್ಲ. ಆದರೆ 2013ರಲ್ಲಿ ರೂಟೀನ್ ಜೊತೆ ನಂಬರನ್ನೂ ಬದಲಾಯಿಸಿಬಿಟ್ಟರು. ಹಳೇ ಲೆವೆಲ್ 4 ಹೊಸ ಲೆವೆಲ್ 3 ಆಯಿತು, ಹಳೇ 5 ಹೊಸ 4 ಆಯಿತು, ಹಳೇ 6 ಹೊಸ 5 ಆಯಿತು. ಹಾಗಾಗಿ 2012ರ ಲೆವೆಲ್ 4 ವಿಡಿಯೋ ನೋಡಿದರೆ ನಿಮ್ಮ ಮಗಳು ಹೋದ ವರ್ಷ ಮಾಡಿದ್ದು ನೆನಪಾಗುತ್ತೆ. ಅದರಲ್ಲಿ ಬಾರ್ಸ್ (ಮೇಲೊಂದು ಕೆಳಗೊಂದು ಇರೋ ಅಡ್ಡ ಕಂಬಿಗಳು) ಮೇಲೆ ಕಿಪ್, ಅಂದರೆ ಕಂಬಿಗೆ ಜೋತು ಬೀಸಿ ಬಂದು ಅದರ ಮೇಲಕ್ಕೇರೋದು, ಇರೋದಿಲ್ಲ. ವಾಲ್ಟ್‌ನಲ್ಲಿ, ಅಂದರೆ ಓಡಿ ಬಂದು ಹಾರೋದರಲ್ಲಿ, ಟೇಬಲ್ ದಾಟೋದಿಲ್ಲ, ಮ್ಯಾಟ್‌ಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಕೈ ಊರಿ, ತಲೆಕೆಳಗಾಗಿ ಬೆನ್ನಿನ ಮೇಲೆ ನೆಟ್ಟಗೆ ಬೀಳುತ್ತಾರೆ. ಇದು ಗೊತ್ತಿಲ್ಲದೆ ನಾನು ಒಂದು ವಾರ ನಮ್ಮ ಜಿಮ್‌ನವರು ಮಕ್ಕಳಿಗೆ ಜಾಸ್ತಿ ಕಷ್ಟದ್ದು ಮಾಡಿಸ್ತಿದ್ದಾರೆ ಅಂತ ಗಂಡನ ಹತ್ತಿರ ಗೊಣಗಿದ್ದೆ.

ಯಾಕೆ ಹಾಗೆ ಮಾಡಿದರು ಅಂತೀರಾ? ಮೊದಲು 6ರವರೆಗೆ ಕಂಪಲ್ಸರಿ, 7ರಿಂದ ಆಪ್ಷನಲ್, ಅಂದರೆ ಸ್ವಂತ ರೂಟೀನ್, ಸ್ವಂತ ಮ್ಯೂಸಿಕ್. ಆ 6ಕ್ಕೂ 7ಕ್ಕೂ ನಡುವೆ ದೊಡ್ಡ ಹಾರಿಕೆ ಇತ್ತು. ಎಷ್ಟೋ ಹುಡುಗಿಯರು ಅಲ್ಲೇ ಸಿಕ್ಕಿಕೊಳ್ಳುತ್ತಿದ್ದರು. 2013ರಲ್ಲಿ ಕೆಳಗಿನದನ್ನೆಲ್ಲ ಒಂದೊಂದು ನಂಬರ್ ಕೆಳಕ್ಕೆ ಸರಿಸಿ, ಖಾಲಿಯಾದ 6ರ ಜಾಗದಲ್ಲಿ ಸುಲಭದ ಆಪ್ಷನಲ್ ಲೆವೆಲ್ ಒಂದನ್ನು ಕೂರಿಸಿದರು. ಮೆಟ್ಟಿಲು ಎತ್ತರ ಇದ್ದ ಕಡೆ ಮಧ್ಯೆ ಒಂದು ಮಣೆ ಹಾಕಿದ ಹಾಗೆ. ನನ್ನ ಪ್ರಕಾರ ಇವರು ಮಾಡಿದ ಒಳ್ಳೇ ಕೆಲಸಗಳಲ್ಲಿ ಇದೊಂದು. ಹೆಸರೂ ಬದಲಾಗಿದೆ: ಮೊದಲು ಜೂನಿಯರ್ ಒಲಿಂಪಿಕ್ ಪ್ರೋಗ್ರಾಮ್ ಅಂತಿತ್ತು, ಈಗ ಡೆವಲಪ್‌ಮೆಂಟ್ ಪ್ರೋಗ್ರಾಮ್. ಹಳೇ ಅಪ್ಪ ಅಮ್ಮಂದಿರು ಇನ್ನೂ ಜೆ.ಓ. ಅಂತಲೇ ಅಂತಾರೆ. ಗಾಬರಿ ಬೇಡ, ಎರಡೂ ಒಂದೇ.

ಇನ್ನೂ ಹಿಂದಕ್ಕೆ ಹೋದರೆ ಲೆವೆಲ್ ಅನ್ನೋ ಪದವೇ ಸಿಗೋದಿಲ್ಲ, ಕ್ಲಾಸ್ ಅಂತಿತ್ತು. ಅದೂ ಉಲ್ಟಾ, ನಂಬರ್ ಕಡಿಮೆ ಆದಷ್ಟೂ ದೊಡ್ಡದು, ಕ್ಲಾಸ್ 1 ಎಲ್ಲಕ್ಕಿಂತ ಮೇಲೆ. ನಮ್ಮ ಜಿಮ್‌ನ ಒಬ್ಬ ಹಿರಿಯ ಕೋಚ್, ಅಜ್ಜಿ ವಯಸ್ಸಿನವರು, ತಾನು ಕ್ಲಾಸ್ 2 ಜಿಮ್ನಾಸ್ಟ್ ಅಂತ ಹೇಳಿಕೊಂಡಾಗ ಪುಟಾಣಿಗಳು ಅಯ್ಯೋ ಪಾಪ ಅನ್ನೋ ಮುಖ ಮಾಡಿದ್ದವು!

ಆಗಿನ ಕಾಲಕ್ಕೂ ಈಗಿನ ಕಾಲಕ್ಕೂ ಇರೋ ದೊಡ್ಡ ವ್ಯತ್ಯಾಸ ಇದು: ಕಂಪಲ್ಸರಿ ಅನ್ನೋದು ಆಗ ಚಿಕ್ಕ ಮಕ್ಕಳ ಪಾಠ ಆಗಿರಲಿಲ್ಲ. ಒಲಿಂಪಿಕ್ಸ್‌ನಲ್ಲೇ ಇತ್ತು. ಅಂತಾರಾಷ್ಟ್ರೀಯ ಫೆಡರೇಷನ್ ಪ್ರತಿ ಒಲಿಂಪಿಕ್ಸ್‌ಗೆ ಅಂತ ರೂಟೀನ್ ಬರೆದು ಕೊಡುತ್ತಿತ್ತು, ಎಲ್ಲ ದೇಶದವರೂ ಮೊದಲು ಅದನ್ನು ಮಾಡಿ ತೋರಿಸಬೇಕು, ಆಮೇಲೆ ತಮ್ಮದು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ 14 ವರ್ಷದ ನಾಡಿಯಾ ಕೊಮನೆಚಿ ಒಲಿಂಪಿಕ್ಸ್ ಜಿಮ್ನಾಸ್ಟಿಕ್ಸ್‌ನ ಮೊದಲ 10 ತೆಗೆದುಕೊಂಡಳಲ್ಲ, ಬೋರ್ಡಿಗೆ 10.00 ತೋರಿಸೋಕೆ ಬರದೆ 1.00 ಅಂತ ತೋರಿಸಿತಲ್ಲ, ಆ ಕಥೆ ಎಲ್ಲರಿಗೂ ಗೊತ್ತು. ಆದರೆ ಆ 10 ಬಂದಿದ್ದು ಬಾರ್ಸ್‌ನ ಕಂಪಲ್ಸರಿ ರೂಟೀನ್‌ಗೆ ಅನ್ನೋದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅವಳ ಸ್ವಂತ ರೂಟೀನ್ ಅಲ್ಲ. ಆ ದಿನ ಆ ಬಾರ್ಸ್ ಹತ್ತಿದ ಎಲ್ಲ ಹುಡುಗಿಯರೂ ಮಾಡಿದ್ದು ಅದನ್ನೇ! ನನಗಿದು ಗೊತ್ತಾದ ಮೇಲೆ ಮಗಳ ಲೆವೆಲ್ 3 ಬಾರ್ಸ್ ಮೇಲೂ ಸ್ವಲ್ಪ ಮರ್ಯಾದೆ ಬಂತು.

ಒಲಿಂಪಿಕ್ಸ್‌ನಲ್ಲಿ ಕಂಪಲ್ಸರಿ ಕೊನೇ ಸಲ ನಡೆದದ್ದು 1996ರ ಅಟ್ಲಾಂಟಾದಲ್ಲಿ. ಅದಾದ ಮೇಲೆ ಕೈಬಿಟ್ಟರು. ಟಿವಿಯಲ್ಲಿ ಒಂದೇ ರೂಟೀನನ್ನು ನೂರು ಸಲ ಯಾರು ನೋಡ್ತಾರೆ? ದಿನಗಳೂ ಜಾಸ್ತಿ ಬೇಕು, ಖರ್ಚೂ ಜಾಸ್ತಿ. ಸಣ್ಣ ದೇಶಗಳಿಗೆ ಎರಡೆರಡು ಸೆಟ್ ರೂಟೀನ್ ತಯಾರು ಮಾಡೋದೂ ಕಷ್ಟ. ಐಸ್ ಸ್ಕೇಟಿಂಗ್‌ನವರು ಇದೇ ಥರದ ಕಡ್ಡಾಯದ ಭಾಗವನ್ನು 1990ರಲ್ಲೇ ಬಿಟ್ಟಿದ್ದರು. ಕಂಪಲ್ಸರಿ ಹೋಗಿದ್ದಕ್ಕೇ ಈಗಿನವರ ಕಾಲು ನೇರ ಇರಲ್ಲ, ಬೆರಳು ಚೂಪು ಇರಲ್ಲ ಅಂತ ಹಳಬರು ಇವತ್ತಿಗೂ ಬೇಜಾರು ಮಾಡಿಕೊಳ್ಳುತ್ತಾರೆ. ಅರ್ಧ ನಿಜ ಅನ್ನಿಸುತ್ತೆ. ಇನ್ನರ್ಧ, ನಮ್ಮ ಕಾಲದಲ್ಲಿ ಮಳೆ ಚೆನ್ನಾಗಿತ್ತು ಅಂತಾರಲ್ಲ, ಆ ಥರದ್ದು.

ಮೇಲಿಂದ ಹೋದ ಕಂಪಲ್ಸರಿ ಮಕ್ಕಳ ಹಂತದಲ್ಲಿ ಉಳಿದುಕೊಂಡಿತು. ಈಗ ಲೆವೆಲ್ 1ರಿಂದ 5ರವರೆಗೆ.

ನೀವು ಕೊನೆಯಲ್ಲಿ ಇನ್ನೊಂದು ಕೇಳಿದ್ದೀರಿ, ಎಲ್ಲರೂ ಒಂದನ್ನೇ ಮಾಡಿದರೆ ಸ್ಪರ್ಧೆ ಹೇಗೆ ಅಂತ. ಇದನ್ನೇ ನಮ್ಮ ಅತ್ತೆ ಕೇಳಿದ್ದರು. ಮೈಸೂರಿನಿಂದ ಬಂದಿದ್ದಾಗ ನಮ್ಮ ದೊಡ್ಡ ಮಗಳ ಲೆವೆಲ್ 3 ಮೀಟ್‌ಗೆ (ಸ್ಪರ್ಧೆಗೆ) ಕರೆದುಕೊಂಡು ಹೋಗಿದ್ದೆ. ಬೆಳಗ್ಗೆ ಎಂಟಕ್ಕೆ ಶುರು, ಅವರ ಕೈಯಲ್ಲಿ ಫ್ಲಾಸ್ಕು, ಭುಜದ ಮೇಲೆ ಶಾಲು. ಫ್ಲೋರ್ ಮ್ಯೂಸಿಕ್ ಒಂದೇ, ನಿಮಿಷಕ್ಕೊಂದು ಸಲ ಅದೇ ಪೀಪಿ. ಹತ್ತನೇ ಹುಡುಗಿ ಬಂದಾಗ, "ಇದೇನೇ ಇದು, ಎಲ್ಲಾ ಒಂದೇ ಮಾಡ್ತಾವೆ, ಯಾರು ಗೆದ್ದರು ಅಂತ ಹೇಗೆ ಗೊತ್ತಾಗುತ್ತೆ?" ಅಂದರು. ನಾನು ನೋಡ್ತಾ ಇರಿ ಅಂದೆ. ಇಪ್ಪತ್ತನೇ ಹುಡುಗಿ ಹೊತ್ತಿಗೆ ಅತ್ತೆ ತಾವೇ ಶುರು ಮಾಡಿದರು: "ಇವಳ ಮಂಡಿ ಬಗ್ಗಿತು ನೋಡು. ಆ ಮೊದಲನೇ ಮಗು ಕೈ ಇನ್ನೂ ಮೇಲಕ್ಕೆ ಎತ್ತಿತ್ತು." ಮೂವತ್ತನೆಯದಕ್ಕೆ ನಂಬರ್ ಕೊಡೋಕೇ ಶುರು ಮಾಡಿದರು, ಜಡ್ಜ್‌ಗಳಿಗಿಂತ ಜಿಪುಣತನದಿಂದ. ಸರಳೆ ವರಸೆ ಹೇಳಿಕೊಟ್ಟವರು ಅವರು. ಹತ್ತು ಮಕ್ಕಳು ಒಂದೇ ವರಸೆ ಹಾಡಿದರೆ ಯಾರ ಶ್ರುತಿ ಎಲ್ಲಿ ಜಾರಿತು ಅಂತ ಕೇಳೋ ಕಿವಿ ಇತ್ತು, ಆ ಕಿವಿಯೇ ಇಲ್ಲಿ ಕಣ್ಣಾಯಿತು.

ಜಡ್ಜ್‌ಗಳು ಮಾಡೋದೂ ಅದೇ. ಎಲ್ಲರದ್ದೂ 10.0ರಿಂದ ಶುರು, ಅಲ್ಲಿಂದ ಕಳೀತಾ ಬರೋದು. ಬಿದ್ದರೆ 0.5 ಹೋಯಿತು. ಮಂಡಿ ಬಗ್ಗಿದರೆ ಎಷ್ಟು ಬಗ್ಗಿತೋ ಅಷ್ಟು. ಕೈ ಎಲ್ಲಿರಬೇಕು, ಯಾವ ಕಾಲು ಮುಂದೆ, ತಲೆ ಯಾವ ಕಡೆ ಅನ್ನೋದೂ ರೂಟೀನಿನ ಪುಸ್ತಕದಲ್ಲಿ ಬರೆದಿರುತ್ತೆ. ಒಂದು ಭಾಗ ಮರೆತು ಹಾರಿಸಿಬಿಟ್ಟರೆ ಅದು ಬಿದ್ದಿದ್ದಕ್ಕಿಂತ ದುಬಾರಿ ಆಗಬಹುದು. ಹುಡುಗರ ಕಡೆ ಸ್ವಲ್ಪ ಬೇರೆ ಲೆಕ್ಕ, ಬೋನಸ್ ಅಂತ ಇರುತ್ತೆ. ನನಗಿರೋದು ಇಬ್ಬರು ಹೆಣ್ಣುಮಕ್ಕಳು, ಹಾಗಾಗಿ ಆ ಕಡೆ ಬಾಯಿ ಹಾಕಲ್ಲ.

ಈಗ ಒಂದು ದೂರು. ದೊಡ್ಡವಳು 2013ರ ರೂಟೀನ್‌ಗಳಲ್ಲಿ ಬೆಳೆದವಳು. ಆಗ ಲೆವೆಲ್ 3 ಬಾರ್ಸ್‌ನಲ್ಲಿ ಮಿಲ್ ಸರ್ಕಲ್ ಅಂತ ಒಂದು ಇತ್ತು. ಬಾರಿನ ಈ ಕಡೆ ಒಂದು ಕಾಲು ಆ ಕಡೆ ಒಂದು ಕಾಲು ಹಾಕಿ, ಕೈಯಲ್ಲಿ ಬಾರ್ ಹಿಡಿದು, ಹಾಗೇ ಮುಂದಕ್ಕೆ ವಾಲಿ ಒಂದು ಪೂರ್ತಿ ಸುತ್ತು ಹಾಕಿ ಮತ್ತೆ ಮೇಲೆ ಬರಬೇಕು. ಮುಕ್ಕಾಲು ಸುತ್ತಿಗೆ ಬಂದು ನಿಂತುಬಿಡೋಳು, ಒಣಗೋಕೆ ಹಾಕಿದ ಟವೆಲ್ ಥರ ಜೋತಾಡೋಳು. ತೊಡೆ ಹಿಂದೆ ನೇರಳೆ ಹಣ್ಣಿನ ಬಣ್ಣದ ಗುರುತು. ನಾಲ್ಕು ತಿಂಗಳು ಇದೇ ಕಥೆ. ತಮಾಷೆ ಅಂದರೆ ದೊಡ್ಡವರ ಜಿಮ್ನಾಸ್ಟಿಕ್ಸ್‌ನಲ್ಲಿ ಈ ಮಿಲ್ ಸರ್ಕಲ್ ಎಲ್ಲೂ ಕಾಣಲ್ಲ. ಒಲಿಂಪಿಕ್ಸ್ ಚಾಂಪಿಯನ್ ಸಿಮೋನ್ ಬೈಲ್ಸ್ ಇದನ್ನು ಮಾಡೋದನ್ನು ನೀವು ಯಾವತ್ತೂ ನೋಡಿರಲ್ಲ. ಕಿಪ್ ಹಾಗಲ್ಲ. ಅದು ಎಷ್ಟು ಕಣ್ಣೀರು ಹಾಕಿಸಿದರೂ ಸರಿ, ಕೊನೇವರೆಗೂ ಬೇಕಾಗುತ್ತೆ, ಬಾರ್ ಹಿಡಿದವರೆಲ್ಲ ದಿನಕ್ಕೆ ಹತ್ತಾರು ಸಲ ಮಾಡೋದು. ಹಳೇ ರೂಟೀನ್‌ಗಳಲ್ಲಿ ಇಂಥ ಪಳೆಯುಳಿಕೆಗಳು ಬಹಳ ಇದ್ದವು. 70ರ ದಶಕದಲ್ಲಿ ಎರಡು ಬಾರ್‌ಗಳು ಎಷ್ಟು ಹತ್ತಿರ ಇದ್ದವು ಅಂದರೆ ಮೇಲಿನ ಬಾರಿಗೆ ಜೋತುಬಿದ್ದು ಬೀಸಿ ಬಂದು, ಕೆಳಗಿನ ಬಾರಿಗೆ ಹೊಟ್ಟೆ ತಾಗಿಸಿ ಅದರ ಸುತ್ತ ಸುತ್ತಿಕೊಳ್ಳುತ್ತಿದ್ದರು. ಬಾರ್‌ಗಳನ್ನು ದೂರ ಸರಿಸಿದರು, ಆ ಕಲೆ ಸತ್ತೇ ಹೋಯಿತು. ಹಾಗಾಗಿ ರೂಟೀನ್ ಆಗಾಗ ಬದಲಾಯಿಸೋದು ಸುಮ್ನೆ ಅಲ್ಲ. ಮುಂದೆ ಬೇಕಾಗೋದನ್ನು ಮಾತ್ರ ಕಲಿಸಬೇಕು ಅಲ್ವಾ?

ನನ್ನ ತಕರಾರು ರೂಟೀನ್ ಮೇಲೆ ಅಲ್ಲ, ಅದನ್ನು ಬಳಸೋ ರೀತಿ ಮೇಲೆ. ದೊಡ್ಡವಳು ಮೊದಲಿದ್ದ ಜಿಮ್‌ನಲ್ಲಿ (ಹೆಸರು ಬೇಡ) ಒಂದು ವರ್ಷ ಲೆವೆಲ್ 3 ಚೆನ್ನಾಗೇ ಮಾಡಿದಳು, ಕಿಪ್ ಕೂಡ ಬಂದಿತ್ತು. ಆದರೂ ಮುಂದಿನ ವರ್ಷ ಮತ್ತೆ ಲೆವೆಲ್ 3ರಲ್ಲೇ ಇಟ್ಟರು. ಯಾಕೆ ಅಂದರೆ ಬೇಸಿಕ್ಸ್ ಗಟ್ಟಿ ಆಗಲಿ ಅಂದರು. ಆಮೇಲೆ ಗೊತ್ತಾಯಿತು, ಅನುಭವ ಇರೋ ಮಕ್ಕಳನ್ನು ಕೆಳಗಿನ ಲೆವೆಲ್‌ನಲ್ಲೇ ಇಟ್ಟರೆ ಟೀಮ್ ಕಪ್ ಬರುತ್ತೆ. ಕಪ್ ಬಂತು, ಜಿಮ್‌ನ ಬಾಗಿಲಲ್ಲೇ ಇಟ್ಟರು. ಮಗು ಮಾತ್ರ ಆ ವರ್ಷ ಹೊಸದಾಗಿ ಏನೂ ಕಲಿಯಲಿಲ್ಲ, ಕಾರಲ್ಲಿ ಆ ಮ್ಯೂಸಿಕ್ ನೆನಪಾದರೆ ಕಿವಿ ಮುಚ್ಚಿಕೊಳ್ಳೋಳು. ನಿಯಮದಲ್ಲಿ 1, 2, 3 ಮಾಡಲೇಬೇಕು ಅಂತೇನಿಲ್ಲ, 4ರಿಂದಲೇ ಶುರು ಮಾಡಬಹುದು. 4 ಮತ್ತು 5 ಮಾತ್ರ ದಾಟಿಯೇ ಹೋಗಬೇಕು. ಇದನ್ನು ನನಗೆ ಆಗ ಯಾರಾದರೂ ಹೇಳಿದ್ದರೆ ಜಗಳ ಆಡುತ್ತಿದ್ದೆ.

ನಿಮ್ಮ ಮಗಳಿಗೆ ಈ ಅಳತೆಗೋಲು ಹಿಡಿದ ಜೀವನ ಒಗ್ಗದಿದ್ದರೆ ಎಕ್ಸೆಲ್ ಅಂತ ಇನ್ನೊಂದು ದಾರಿ ಇದೆ: ಬ್ರಾಂಜ್, ಸಿಲ್ವರ್, ಗೋಲ್ಡ್ ಹೀಗೆ ಮೇಲಕ್ಕೆ ಹೋಗುತ್ತೆ. ಅಲ್ಲಿ ಇಂಥಿಂಥ ಥರದ್ದು ಇರಬೇಕು ಅಂತ ಪಟ್ಟಿ ಕೊಡುತ್ತಾರೆ, ರೂಟೀನ್ ನೀವೇ ಕಟ್ಟಿಕೊಳ್ಳೋದು, ಮ್ಯೂಸಿಕ್ ನಿಮ್ಮದೇ. ನಮ್ಮ ಚಿಕ್ಕವಳು ಲೆವೆಲ್ 3 ಒಂದು ವರ್ಷ ಮಾಡಿ ಅಲ್ಲಿಗೆ ಹೋದಳು, ಖುಷಿಯಾಗಿದ್ದಾಳೆ. ದೊಡ್ಡವಳಿಗೆ ಅದು ಹಿಡಿಸಲಿಲ್ಲ. ಎಲ್ಲರೂ ಒಂದೇ ಮಾಡುವಾಗ ತಾನು 0.1 ಜಾಸ್ತಿ ತೆಗೆದುಕೊಳ್ಳೋದರಲ್ಲೇ ಅವಳಿಗೆ ಮಜಾ. ಒಂದೇ ಮನೆ, ಒಂದೇ ಸಾರು ಅನ್ನ, ನೋಡಿ.

ಇನ್ನು ವಿಡಿಯೋ ವಿಷಯ. ತಾರೀಕು ನೋಡಿ. 2013ರ ಆಗಸ್ಟ್‌ಗಿಂತ ಹಿಂದಿನದಾದರೆ ನಂಬರಿನಿಂದ ಒಂದು ಕಳೀರಿ. 2013ರಿಂದ 2021ರ ಮಧ್ಯದ್ದಾದರೆ ನಂಬರ್ ಸರಿ, ರೂಟೀನ್ ಹಳೇದು, ಅದನ್ನು ನೋಡಿ ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಬೇಡಿ, ಆಮೇಲೆ ಮರೆಸೋದು ಕಲಿಸೋದಕ್ಕಿಂತ ಕಷ್ಟ. ಕೆಲವರು ಹಳೇ ವಿಡಿಯೋವನ್ನೇ ಹೊಸದಾಗಿ ಹಾಕಿರುತ್ತಾರೆ, ಅಲ್ಲಿ ತಾರೀಕು ಕೈಕೊಡುತ್ತೆ. ಆಗ ಫ್ಲೋರ್ ರೂಟೀನ್ ಹಾಕಿ, ಮಗಳನ್ನು ಪಕ್ಕದ ರೂಮಿನಿಂದ ಕೇಳಿಸಿಕೊಳ್ಳೋಕೆ ಹೇಳಿ. ಅವಳದ್ದೇ ಮ್ಯೂಸಿಕ್ ಆದರೆ ಮೊದಲ ಎರಡು ಸೆಕೆಂಡಿಗೇ ಅಲ್ಲಿಂದ ಕೂಗ್ತಾಳೆ.