ಗದಗಕ್ಕೆ ಇ-ಬಸ್ ಯಾಕಿಲ್ಲ? ಓದುಗರ ಪ್ರಶ್ನೆ, ಸಾರಿಗೆ ಲೆಕ್ಕಿಗರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ: ನಮ್ಮೂರಿಗೆ ಇ-ಬಸ್ (ಬ್ಯಾಟರಿಯಲ್ಲಿ ಓಡುವ ಬಸ್ಸು) ಯಾಕಿಲ್ಲ? ಕೆಳಗೆ ಬರೆದ ಊರಿನ ಹೆಸರು ಮಾತ್ರ ಬೇರೆ. ಸಾರಿಗೆ ಯೋಜನೆಗಳ ಲೆಕ್ಕಪತ್ರ ನೋಡುತ್ತಲೇ ಹುಬ್ಬಳ್ಳಿಯಲ್ಲಿ ತಲೆ ಬೆಳ್ಳಗಾದವನು ನಾನು.

ಕೇಂದ್ರದ ಇ-ಬಸ್ ಯೋಜನೆಗೆ ಹುಬ್ಬಳ್ಳಿ-ಧಾರವಾಡ ಅರ್ಹ, ಗದಗ-ಬೆಟಗೇರಿ ಅಲ್ಲ. ನಮ್ಮ ನಾಯಕರಿಗೆ ಕೇಳೋಕೆ ಬರಲ್ವಾ? (ಗದಗದ ಓದುಗರು)

ಕೇಳಿದರೂ ಸಿಗಲ್ಲ. ಇದರಲ್ಲಿ ನಾಯಕರ ಪ್ರಭಾವಕ್ಕಿಂತ ಜನಗಣತಿಯ ಅಂಕಿಗೆ ಬೆಲೆ ಜಾಸ್ತಿ. ನೀವು ಹೇಳುತ್ತಿರುವುದು ಪಿಎಂ-ಇಬಸ್ ಸೇವಾ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ, ಒಟ್ಟು 10,000 ಬಸ್ಸು. 2011ರ ಜನಗಣತಿಯಲ್ಲಿ 3 ಲಕ್ಷ ಅಥವಾ ಹೆಚ್ಚು ಜನ ಇದ್ದ ನಗರಗಳಿಗೆ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಗುಡ್ಡಗಾಡು ರಾಜ್ಯಗಳ ಮತ್ತು ಈಶಾನ್ಯದ ರಾಜಧಾನಿಗಳಿಗೆ ವಿನಾಯಿತಿ ಉಂಟು, ನಮಗಿಲ್ಲ. ಗದಗ-ಬೆಟಗೇರಿಯ ಲೆಕ್ಕ ಆಗ ಸುಮಾರು 1.72 ಲಕ್ಷ. ಹಾವೇರಿ ನಗರದ್ದು 67 ಸಾವಿರ. "ಈಗ ದಾಟಿರಬೇಕು ಸರ್" ಅಂತ ಬರೆದಿದ್ದೀರಿ. ದಾಟಿರಬೇಕು ಅನ್ನೋದಕ್ಕೆ ಕಡತದಲ್ಲಿ ಕಾಲಂ ಇಲ್ಲ.

ಹುಬ್ಬಳ್ಳಿ-ಧಾರವಾಡ 1962ರಲ್ಲೇ ಎರಡೂ ಊರು ಸೇರಿ ಒಂದೇ ಪಾಲಿಕೆ ಆಗಿತ್ತು. ಒಟ್ಟು 9 ಲಕ್ಷದ ಮೇಲೆ ಲೆಕ್ಕ ಸಿಕ್ಕಿತು. ಧಾರವಾಡದ ಪ್ರತ್ಯೇಕ ಪಾಲಿಕೆಗೆ 2025ರ ಜನವರಿಯಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಾಗ ಪಟಾಕಿ ಹೊಡೆದವರು, ಮುಂದೆ ತಲೆ ಎಣಿಸಿ ಕೊಡುವ ಯೋಜನೆ ಬಂದಾಗ ಏನಾಗುತ್ತದೆ ಅಂತಲೂ ಒಮ್ಮೆ ಯೋಚಿಸಲಿ.

ಇನ್ನು ಬಹಳ ಜನ ತಪ್ಪು ತಿಳಿದಿರುವ ಹಾಗೆ ಕೇಂದ್ರ ಬಸ್ಸು ಕೊಂಡು, ಹಾರ ಹಾಕಿ, ಕೀಲಿ ಕೈ ಕೊಡುವುದಿಲ್ಲ. ಬಸ್ಸು ಖಾಸಗಿ ಗುತ್ತಿಗೆದಾರನದು. ಚಾಲಕನೂ ಅವನ ಕಡೆಯವನೇ. ಟಿಕೆಟ್ ಹಣ ಸಾರಿಗೆ ಸಂಸ್ಥೆಗೆ. ಓಡಿದ ಕಿಲೋಮೀಟರಿಗೆ ಇಷ್ಟು ಅಂತ ಸಂಸ್ಥೆ ಗುತ್ತಿಗೆದಾರನಿಗೆ ಕೊಡಬೇಕು, ಅದರಲ್ಲಿ ಒಂದು ಪಾಲು ಕೇಂದ್ರದ್ದು. 12 ಮೀಟರಿನ ದೊಡ್ಡ ಬಸ್ಸಿಗೆ ಕಿ.ಮೀ.ಗೆ 24 ರೂಪಾಯಿ, 9 ಮೀಟರಿನದಕ್ಕೆ 22, 7 ಮೀಟರಿನದಕ್ಕೆ 20. ಬಸ್ಸು ಡಿಪೊದಲ್ಲಿ ನಿಂತರೆ ಕೇಂದ್ರದಿಂದ ಏನೂ ಇಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ದರ ನಾನು ಉದಾಹರಣೆಗೆ ಇಟ್ಟುಕೊಂಡಿದ್ದು, ಟೆಂಡರ್‌ನಲ್ಲಿ ಬಂದಿದ್ದಲ್ಲ. ಗುತ್ತಿಗೆದಾರ ಕಿ.ಮೀ.ಗೆ 60 ರೂಪಾಯಿ ಕೇಳಿದ, ಬಸ್ಸು ದಿನಕ್ಕೆ 200 ಕಿ.ಮೀ. ಓಡಿತು ಅಂದುಕೊಳ್ಳಿ. ದಿನದ ಬಿಲ್ಲು 12,000. ಕೇಂದ್ರ 4,800 ಕೊಟ್ಟಿತು. ಉಳಿದ 7,200 ಟಿಕೆಟ್‌ನಿಂದ ಬರಬೇಕು. ಬಂದಿದ್ದು 5,000. ಒಂದು ಬಸ್ಸಿಗೆ 2,200 ಕಡಿಮೆ ಬಿತ್ತು. ಅಂಥ 50 ಬಸ್ಸಿಗೆ ದಿನಕ್ಕೆ 1.1 ಲಕ್ಷ, ವರ್ಷಕ್ಕೆ 4 ಕೋಟಿ. ಬಸ್ಸು ಖಾಲಿ ಓಡಿದರೂ ಗುತ್ತಿಗೆದಾರನ ಬಿಲ್ಲು ಒಂದು ಪೈಸೆ ಕಡಿಮೆ ಆಗಲ್ಲ. ಸಂಸ್ಥೆ ಬಾಕಿ ಉಳಿಸಿದರೆ ರಿಸರ್ವ್ ಬ್ಯಾಂಕಿನಲ್ಲಿರುವ ರಾಜ್ಯದ ಖಾತೆಯಿಂದಲೇ ಮುರಿದುಕೊಳ್ಳುವ ಏರ್ಪಾಡೂ ಇದೆ. ಕೇಂದ್ರದ ಈ ನೆರವು 10 ವರ್ಷ. ಆಮೇಲಿನದು ಯಾರ ತಲೆ ಮೇಲೆ ಅಂತ ಉದ್ಘಾಟನೆಯ ದಿನ ಯಾರೂ ಕೇಳುವುದಿಲ್ಲ. ನಾನೊಮ್ಮೆ ಒಂದು ಸಭೆಯಲ್ಲಿ ಕೇಳಿದ್ದೆ. "ಚಹಾ ತಗೊಳ್ರಿ ಸರ್" ಅಂದರು.

ನಿಜವಾಗಿ ಕಣ್ಣಿಡಬೇಕಾದ್ದು ಡಿಪೊ ಮೇಲೆ. ಟ್ರಾನ್ಸ್‌ಫಾರ್ಮರ್, ಚಾರ್ಜಿಂಗ್‌ಗೆ ಬೇಕಾದ ವಿದ್ಯುತ್ ಲೈನಿನ ಕೆಲಸಕ್ಕೆ ಕೇಂದ್ರ ಪೂರ್ತಿ ದುಡ್ಡು ಕೊಡುತ್ತದೆ. ಡಿಪೊ ಕಟ್ಟಡಕ್ಕೆ 60 ಪರ್ಸೆಂಟ್. ಅದು ಒಮ್ಮೆ ಆದರೆ ಊರಿನ ಆಸ್ತಿ. ಗುತ್ತಿಗೆದಾರ ಹೋದರೂ ಲೈನು ಹೋಗಲ್ಲ.

ಓಡಿಸುವ ಖರ್ಚಿನ ಮಾತಿಗೆ, ಬಸ್ಸಿಗಷ್ಟೇ ಮೀಸಲಾದ ದಾರಿಯಲ್ಲಿ (ಬಿಆರ್‌ಟಿಎಸ್) ಓಡುವ ಚಿಗರಿ ಬಸ್ಸನ್ನೇ ನೋಡಿ. ಹುಬ್ಬಳ್ಳಿ-ಧಾರವಾಡದ ಆ 22 ಕಿ.ಮೀ. ಮಾರ್ಗ ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿನ ಸುಸ್ಥಿರ ನಗರ ಸಾರಿಗೆ ಯೋಜನೆಯಲ್ಲಿ ಬಂದಿದ್ದು. ಪ್ರಾಯೋಗಿಕ ಓಡಾಟ 2018ರಲ್ಲಿ, ಅಧಿಕೃತ ಉದ್ಘಾಟನೆ 2020ರಲ್ಲಿ. ರಸ್ತೆ, ನಿಲ್ದಾಣ, ಬಸ್ಸಿಗೆ ದುಡ್ಡು ಸಿಕ್ಕಿತು. ಅಂದ ಹಾಗೆ ವಿಶ್ವಬ್ಯಾಂಕಿನದು ಸಾಲ, ದಾನ ಅಲ್ಲ. ಆದರೆ ಟೈರು, ಎಸಿ ರಿಪೇರಿ, ಸ್ವಯಂಚಾಲಿತ ಬಾಗಿಲಿನ ಬಿಡಿಭಾಗ, ನಿಲ್ದಾಣದ ಕರೆಂಟ್ ಬಿಲ್ಲು ಅಂತ ಖರ್ಚು ವರ್ಷ ವರ್ಷವೂ ಬರುತ್ತಲೇ ಇರುತ್ತದೆ. ಕಟ್ಟೋಕೆ ದುಡ್ಡು ಹುಟ್ಟುತ್ತದೆ, ಓಡಿಸೋಕೆ ಹುಟ್ಟಲ್ಲ. ಗದಗದವರು ಚಿಗರಿಯ ಬಣ್ಣ ನೋಡಿ ಹೊಟ್ಟೆ ಉರಿಸಿಕೊಳ್ಳುವ ಮೊದಲು ಇಷ್ಟು ನೋಡಲಿ.

ಹಾಗಾದರೆ ಗದಗಕ್ಕೆ ದಾರಿಯೇ ಇಲ್ಲವಾ? ಇದೆ, ಆದರೆ ಅದು ದಿಲ್ಲಿಯಲ್ಲಿಲ್ಲ. ನಿಮ್ಮ ನಗರ ಸಾರಿಗೆ ನಡೆಸುವುದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ಹೊಸ ಬಸ್ಸಿನ ದುಡ್ಡು ರಾಜ್ಯದ ಬಜೆಟ್‌ನಿಂದ ಅಥವಾ ಸಂಸ್ಥೆಯ ಸಾಲದಿಂದ ಬರಬೇಕು. ಮನವಿ ಕೊಡುವುದಾದರೆ ಅಲ್ಲಿಗೆ ಕೊಡಿ. ಸುಮ್ನೆ "ಬಸ್ ಬೇಕು" ಅಂತ ಬರೆಯಬೇಡಿ. ಬೆಟಗೇರಿಯಿಂದ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಎಷ್ಟು ಜನ ನಿಂತೇ ಬರ್ತಾರೆ, ಎಷ್ಟು ಟ್ರಿಪ್ ರದ್ದಾಗ್ತವೆ ಅಂತ ಒಂದು ವಾರ ನಿಂತು ಎಣಿಸಿ ಬರೆಯಿರಿ. ಐದು ಸಾವಿರ ಸಹಿಗಿಂತ ಆ ಒಂದು ಹಾಳೆಯನ್ನು ಡಿಪೊ ಮ್ಯಾನೇಜರ್ ಹೆಚ್ಚು ಹೊತ್ತು ಕೈಯಲ್ಲಿ ಹಿಡಿಯುತ್ತಾರೆ.

ಬೆಂಗಳೂರಿಗೆ ಪಿಎಂ ಇ-ಡ್ರೈವ್‌ನಲ್ಲಿ ಸಾವಿರಾರು ಬಸ್. ಹುಬ್ಬಳ್ಳಿಗೆ ಯಾಕಿಲ್ಲ?

ಅದು ಕೇಂದ್ರದ ಇನ್ನೊಂದು ಯೋಜನೆ. ಅದರ ಬಸ್ಸು 40 ಲಕ್ಷ ಜನಸಂಖ್ಯೆ ಮೀರಿದ ಒಂಬತ್ತು ನಗರಗಳಿಗೆ. ಮುಂದಿನ ಪ್ರಶ್ನೆ.

ಹುಬ್ಬಳ್ಳಿಗೆ ಮೆಟ್ರೊ ಯಾವಾಗ?

2017ರ ಮೆಟ್ರೊ ನೀತಿ ಓದಿ. ಬಸ್ಸು, ಬಿಆರ್‌ಟಿಎಸ್, ಲೈಟ್ ರೈಲು ಇವ್ಯಾವುದೂ ಸಾಲದು ಅಂತ ಮೊದಲು ಹೋಲಿಸಿ ತೋರಿಸಬೇಕು. ಹಾಕಿದ ದುಡ್ಡಿಗೆ ಸಮಾಜಕ್ಕಾಗುವ ಲಾಭ ವರ್ಷಕ್ಕೆ 14 ಪರ್ಸೆಂಟ್ ಆದರೂ ಇದೆ ಅಂತ ಲೆಕ್ಕ ಕೊಡಬೇಕು. ಅದಾದ ಮೇಲೆ ಪತ್ರ ಬರೆಯಿರಿ.

ಸಂಸದರ ನಿಧಿಯಿಂದ ನಮ್ಮ ಹಳ್ಳಿಗೆ ಬಸ್ ಓಡಿಸಬಹುದಾ? (ಹಾವೇರಿ ಜಿಲ್ಲೆ)

ಬಸ್ ತಂಗುದಾಣ ಕಟ್ಟಿಸಬಹುದು. ಡೀಸೆಲ್, ಸಂಬಳದಂಥ ದಿನದ ಖರ್ಚಿಗೆ ಆ ನಿಧಿ ಇಲ್ಲ.

ಶಕ್ತಿ ಯೋಜನೆಯಿಂದ ಸಂಸ್ಥೆಗೆ ಟಿಕೆಟ್ ದುಡ್ಡೇ ಇಲ್ಲ, ಅಲ್ವಾ?

ಅಲ್ಲ. ಅಣ್ಣಿಗೇರಿ ಬಸ್ಸಿನಲ್ಲಿ ಒಬ್ಬ ಅಜ್ಜಿ ಕಂಡಕ್ಟರ್‌ಗೆ ಕೇಳುತ್ತಿದ್ದರು: "ಪುಕ್ಕಟೆ ಐತಲ್ಲೋ ತಮ್ಮಾ, ಮತ್ತ್ಯಾಕ ಚೀಟಿ?" "ಅವ್ವಾ, ಇದ ಚೀಟಿ ತೋರಿಸೇ ನಾವು ಸರ್ಕಾರದಾಗ ರೊಕ್ಕ ಕೇಳೂದು" ಅಂದ ಅವನು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. 2023ರ ಜೂನ್ 11ರಿಂದ ಕೊಡುತ್ತಿರುವ ಶೂನ್ಯ ಟಿಕೆಟ್ ಸರ್ಕಾರಕ್ಕೆ ಹೋಗುವ ಬಿಲ್ಲು. ತಗೊಳ್ಳದೆ ಇಳಿದರೆ ಸಂಸ್ಥೆಗೆ ಅಷ್ಟು ಖೋತಾ. ಸರ್ಕಾರ ಆ ಬಿಲ್ಲನ್ನು ಹೊತ್ತಿಗೆ ಸರಿಯಾಗಿ ಕೊಡುತ್ತದಾ ಅಂತ ಕೇಳಿ, ಅದು ಸರಿಯಾದ ಪ್ರಶ್ನೆ.

ನನ್ನ ಹೆಸರಿಗೆ ಕೇಂದ್ರದ ಸಬ್ಸಿಡಿ ಇ-ಬಸ್ ಮಂಜೂರಾಗಿದೆ, ನೋಂದಣಿಗೆ 15 ಸಾವಿರ ಕಟ್ಟಿ ಅಂತ ವಾಟ್ಸಾಪ್ ಬಂದಿದೆ. ಕಟ್ಟಲಾ?

ಕಟ್ಟಬೇಡಿ ಮಾರಾಯರೆ. ನಗರದ ಬಸ್ಸಿನ ಅನುದಾನ ರಾಜ್ಯ ಮತ್ತು ನಗರಗಳ ಹೆಸರಿಗೆ ಬರುತ್ತದೆ, ನಿಮ್ಮ ಹೆಸರಿಗಲ್ಲ. "ಮೇಲೆ ಗೊತ್ತಿದೆ, ಫೈಲ್ ಸರಿಸ್ತೀನಿ" ಅನ್ನುವ ಏಜೆಂಟರೂ ಇದೇ ಜಾತಿ. ಈಗಾಗಲೇ ಕಟ್ಟಿದ್ದರೆ ನನಗೆ ಪತ್ರ ಬರೆಯುತ್ತಾ ಕೂರದೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.